ಗಂಡು ಸಂತಾನದ ಮನೆ

ದೊಡ್ಡಮನೆಯ ಎಮ್ಮೆ ಈದ ದಿನವೇ ದೊಡ್ಡಮನೆಯ ಸೊಸೆಯೂ ಹೆತ್ತಳು. ಎರಡೂ ಹೆಣ್ಣು. ಎಮ್ಮೆಗೆ ಬೆಲ್ಲ ತಿನ್ನಿಸಿದರು. ಸೊಸೆಗೆ ಒಂದು ಲೋಟ ಬಿಸಿನೀರು ಕೊಟ್ಟರು.

ಕಣ್ಣಾರೆ ಕಂಡದ್ದು, ಕಟ್ಟಿ ಹೇಳುತ್ತಿಲ್ಲ. ನನ್ನ ಹೆಸರು ಪುಟ್ಟಿ. ಹೊಲಗೇರಿಯವಳು. ಆ ಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ನನಗಿಂತ ಮೊದಲು ನನ್ನ ಅತ್ತೆ ಬಾಚಿದ್ದಳು, ಅವಳಿಗಿಂತ ಮೊದಲು ಅವಳ ಅತ್ತೆ. ನನ್ನ ಗಂಡ ಮಂಟೇಸ್ವಾಮಿ ಅದೇ ಮನೆಯಲ್ಲಿ ಜೀತಕ್ಕಿದ್ದ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಬಸ್ಸು ನಿಲ್ಲದ ಊರು ನಮ್ಮದು. ಬಸ್ಸು ನಿಲ್ಲದಿದ್ದರೇನು, ದೊಡ್ಡಮನೆ ಇತ್ತಲ್ಲ. ಅದರ ಯಜಮಾನ ದೊಡ್ಡಮಲ್ಲಪ್ಪ, ಯಜಮಾನಿ ಕರಿಬಸಮ್ಮ. ಅವರಿಗೆ ನಾಲ್ಕು ಜನ ಗಂಡುಮಕ್ಕಳು. ಹಿರಿಯವನು ನೀಲಕಂಠಸ್ವಾಮಿ. ಮದುವೆಯಾಗಿದ್ದದ್ದು ಅವನೊಬ್ಬನಿಗೇ. ಹೆತ್ತವಳು ಅವನ ಹೆಂಡತಿ ಚಿಕ್ಕಮಲ್ಲಮ್ಮ. ಉಳಿದ ಮೂವರು ಮೀಸೆ ತಿರುವುತ್ತಾ ಜಗುಲಿಯ ಮೇಲೆ ಕೂತಿರುತ್ತಿದ್ದರು. ಅವರ ಪೈಕಿ ದೊಡ್ಡವನಾದ ವೃಷಭೇಂದ್ರಪ್ಪನ ತಲೆಯಲ್ಲಿ ಆಗಲೇ ಕೂದಲಿಗಿಂತ ಎಣ್ಣೆ ಹೆಚ್ಚಾಗಿತ್ತು. ಬದನಗುಪ್ಪೆ, ತೆರಕಣಾಂಬಿ, ಬೇಗೂರು ಎಲ್ಲ ಕಡೆ ಹುಡುಕಿದ್ದರು. ಹೆಣ್ಣು ಸಿಕ್ಕಿರಲಿಲ್ಲ.

ಆ ವರ್ಷವೇ ಸರ್ಕಾರದವರು ದೇಶದ ತಲೆ ಎಣಿಸಿದ್ದು. ಖಾನೇಸುಮಾರಿಯಂತೆ. ಮೇಷ್ಟರೊಬ್ಬರು ಮನೆಮನೆಗೆ ಹೋಗಿ ಗಂಡೆಷ್ಟು, ಹೆಣ್ಣೆಷ್ಟು ಎಂದು ಕೇಳಿದರು. ನಮ್ಮ ಕೇರಿಗೆ ಬಂದಾಗ ಹುಣಸೆಮರದ ಹತ್ತಿರವೇ ನಿಂತು ಕೂಗಿ ಕೇಳಿದರು. ದೊಡ್ಡಮನೆಯಲ್ಲಿ ಜಗುಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ದೊಡ್ಡಮಲ್ಲಪ್ಪ ಎದೆಯುಬ್ಬಿಸಿ ಹೇಳಿದ. “ಬರ್ಕಳಿ ಮೇಷ್ಟ್ರೆ. ನಮ್ದು ಗಂಡು ಸಂತಾನದ ಮನೆ. ನಮ್ಮಪ್ಪಂಗೂ ಹೆಣ್ಣಿಲ್ಲ, ನಂಗೂ ಹೆಣ್ಣಿಲ್ಲ. ಶಿವ ಕಣ್ಬುಟ್ಟವ್ನೆ.”

ಶಿವ ಕಣ್ಣು ಬಿಟ್ಟರೆ ಏನಾಗುತ್ತದೆ ಎಂದು ನಮ್ಮ ಕೇರಿಯ ಮಕ್ಕಳಿಗೂ ಗೊತ್ತು. ಆ ಮನೆಯಲ್ಲಿ ಹೆಣ್ಣು ಹುಟ್ಟಲಿಲ್ಲ ಎಂಬುದು ಸುಳ್ಳು. ಹುಟ್ಟುತ್ತಿದ್ದವು. ಚಿಕ್ಕಮಲ್ಲಮ್ಮನಿಗೇ ಇದಕ್ಕೆ ಮೊದಲು ಎರಡು ಹುಟ್ಟಿದ್ದವು. ಒಂದಕ್ಕೆ ಕೆಮ್ಮು ಬಂತು ಎಂದರು. ಇನ್ನೊಂದಕ್ಕೆ ದೃಷ್ಟಿಯಾಯಿತು ಎಂದರು. ಗಂಡುಮಕ್ಕಳಿಗೆ ಕೆಮ್ಮು ಬಂದರೆ ಗುಂಡ್ಲುಪೇಟೆಯಿಂದ ಡಾಕ್ಟರು ಗಾಡಿಯಲ್ಲಿ ಬರುತ್ತಿದ್ದರು. ಹೆಣ್ಣಿಗೆ ಬಂದ ಕೆಮ್ಮು ತಾನೇ ಬಂದು ತಾನೇ ಕರೆದುಕೊಂಡು ಹೋಗುತ್ತಿತ್ತು. ಯಾರೂ ಕತ್ತು ಹಿಸುಕಲಿಲ್ಲ. ಅಂಥ ಪಾಪ ಮಾಡುವವರಲ್ಲ ಅವರು, ದಿನಾ ಲಿಂಗಪೂಜೆ ಮಾಡುವ ಜನ. ಹಾಲು ಕೊಡುತ್ತಿರಲಿಲ್ಲ, ಅಷ್ಟೆ.

ಕೊಟ್ಟಿಗೆಯಲ್ಲಿ ಇದೇ ಉಪಾಯ ತಿರುಗುಮುರುಗಾಗಿ ನಡೆಯುತ್ತಿತ್ತು. ಎಮ್ಮೆಗೆ ಗಂಡು ಕರು ಹುಟ್ಟಿದರೆ ಅದನ್ನು ಕೆಚ್ಚಲಿಗೆ ಬಿಡುತ್ತಿರಲಿಲ್ಲ. ಕೋಣ ಕಟ್ಟಿಕೊಂಡು ಏನು ಮಾಡುವುದು? ಅದು ಮೂಲೆಯಲ್ಲಿ ಒಣಗಿ ಒಣಗಿ ಸಾಯುತ್ತಿತ್ತು. ಕೊಟ್ಟಿಗೆಯಲ್ಲಿ ಹೆಣ್ಣು ಬೇಕು, ಕೋಣೆಯಲ್ಲಿ ಗಂಡು ಬೇಕು. ಇವರೊಬ್ಬರ ಮನೆಯ ಲೆಕ್ಕ ಹಿಡಿಯುವುದರಲ್ಲೇ ಶಿವನಿಗೆ ಸಾಕುಸಾಕಾಗಿ ಒಮ್ಮೊಮ್ಮೆ ಅದಲುಬದಲು ಮಾಡಿ ಕಳಿಸುತ್ತಿದ್ದನೋ ಏನೋ.

ಸತ್ತ ಕರುವನ್ನು ಹೊರುವವರು ನಾವು. ದೊಡ್ಡಮನೆಯಲ್ಲಿ ಸತ್ತದ್ದು, ಹಳಸಿದ್ದು, ತಿಪ್ಪೆಗೆ ಬಿದ್ದದ್ದು ಕೇರಿಯ ಪಾಲು. ಅಪ್ಪ ತಾತನ ಕಾಲದ ಕಟ್ಟಲೆ. ಬೇಡ ಎನ್ನುವ ಹಾಗಿಲ್ಲ. ಒಮ್ಮೆ ನನ್ನ ಮಾವ ಹುಳ ಬಿದ್ದ ಎತ್ತನ್ನು ಎತ್ತಲಾರೆ ಎಂದದ್ದಕ್ಕೆ ಅವನನ್ನು ಬಿಸಿಲಲ್ಲಿ ಕಂಬಕ್ಕೆ ಕಟ್ಟಿದ್ದರು. ಪಾಲು ಎಂದ ಮೇಲೆ ಪಾಲು, ಬಿಡಬಾರದು ಎಂದು ದೊಡ್ಡಮಲ್ಲಪ್ಪನೇ ಅವತ್ತು ಬುದ್ಧಿ ಹೇಳಿದ್ದ.

ಸಗಣಿ ಬಾಚುವ ಕೆಲಸ ಹೇಗಿರುತ್ತದೆ ಎಂದು ಕೆಲವರಿಗೆ ಗೊತ್ತಿರಲಾರದು. ಬೆಳಿಗ್ಗೆ ಎದ್ದು ಬಗ್ಗಿದರೆ ಕೊಟ್ಟಿಗೆ ಮುಗಿಯುವವರೆಗೆ ನಡು ನೆಟ್ಟಗಾಗುವುದಿಲ್ಲ. ಗಂಜಲ ಹಿಮ್ಮಡಿಯ ಬಿರುಕಿಗೆ ಇಳಿದು ಉರಿಯುತ್ತದೆ. ಉಗುರಿನ ಸಂದಿಯ ಸಗಣಿ ಎಷ್ಟು ತೊಳೆದರೂ ಹೋಗುವುದಿಲ್ಲ, ಅದೇ ಕೈಯಲ್ಲಿ ಉಣ್ಣಬೇಕು. ಬುಟ್ಟಿ ತಲೆಗೇರಿಸಿದರೆ ಹಣೆಯ ಮೇಲೆ ಇಳಿದು ಕಣ್ಣಿಗೆ ಬರುತ್ತದೆ. ಎರಡು ಕೈಯೂ ಬುಟ್ಟಿಗೆ, ಒರೆಸಿಕೊಳ್ಳಲು ಮೂರನೆಯದಿಲ್ಲ. ಎಮ್ಮೆಯ ಬಾಲ ತೊಳೆಯುವವಳು ನಾನು, ಕೆಚ್ಚಲ ಕೆಳಗಿನ ಕೊಚ್ಚೆ ಎತ್ತುವವಳು ನಾನು. ಹಾಲಿನ ತಂಬಿಗೆ ಬಂದಾಗ ಮಾತ್ರ ಗೋಡೆಗೆ ಸರಿದು ನಿಲ್ಲಬೇಕು. ನೆರಳು ಬಿದ್ದರೆ ಹಾಲು ಕೆಡುತ್ತದಂತೆ. ಎಮ್ಮೆಗಿಲ್ಲದ ಮೈಲಿಗೆ ಅದರ ಹಾಲಿಗೆ ಎಲ್ಲಿಂದ ಬಂತೋ ಕಾಣೆ.

ಗಂಡು ಹೆತ್ತಿದ್ದರೆ ಚಿಕ್ಕಮಲ್ಲಮ್ಮನಿಗೆ ನಡುಮನೆಯ ಪಕ್ಕದ ಬಾಣಂತಿ ಕೋಣೆ ಸಿಗುತ್ತಿತ್ತು. ಹೆಣ್ಣು ಹೆತ್ತದ್ದಕ್ಕೆ ಕೊಟ್ಟಿಗೆಗೆ ಅಂಟಿಕೊಂಡ, ಹುಲ್ಲು ತುಂಬುವ ಕೋಣೆ ಸಿಕ್ಕಿತು. ಎಮ್ಮೆಯ ಗಿಣ್ಣು ಕಾಯಿಸಿ, ಏಲಕ್ಕಿ ಹಾಕಿ ನೆರೆಮನೆಗಳಿಗೆಲ್ಲ ಹಂಚಿದರು. ಬಾಣಂತಿಗೆ ಕೊಟ್ಟದ್ದು ತೆಳ್ಳನೆಯ ಗಂಜಿ. ಕರಿಬಸಮ್ಮ ಕೋಣೆಯ ಬಾಗಿಲಲ್ಲಿ ನಿಂತು ಅಂದಳು. “ಹೆಣ್ಣೆತ್ತೋಳ್ಗೆ ತುಪ್ಪ ಬೇರೆ ಕೇಡು. ಮೂರ್ನೇದು! ಅದ್ಯಾವ್ ಮೊಕ ಇಟ್ಕಂಡು ಉಂಡೀಯೆ?” ಗಂಡುಕೂಸಿಗಾದರೆ ಅಯ್ಯನೋರು ಗುರುಮಲ್ಲಯ್ಯ ಬಂದು ಲಿಂಗ ಕಟ್ಟುತ್ತಿದ್ದರು. ಈ ಕೂಸಿಗೆ ಕರಿಬಸಮ್ಮ ಅವರನ್ನು ಕರೆಸಲೇ ಇಲ್ಲ. “ಉಳೀಲಿ ಮೊದ್ಲು. ಆಮ್ಯಾಲೆ ಕಟ್ಸನ.”

ತಿನ್ನದ ತಾಯಿಗೆ ಹಾಲೆಲ್ಲಿಂದ ಬರಬೇಕು? ಬತ್ತಿತು. ಎಮ್ಮೆಯ ಕರು ಕಾಲು ಬಲಿತು ಕುಣಿಯತೊಡಗಿತು. ಕೋಣೆಯೊಳಗಿನ ಕೂಸು ಮೊದಮೊದಲು ಅಳುತ್ತಿತ್ತು, ಆಮೇಲೆ ಅಳುವುದನ್ನೂ ಬಿಟ್ಟಿತು. ಅಳುವ ಕೂಸಿಗೆ ಹೆದರಬೇಕಾಗಿಲ್ಲ, ಅಳು ನಿಲ್ಲಿಸಿದ ಕೂಸಿಗೆ ಹೆದರಬೇಕು.

ಒಂದು ಬೆಳಿಗ್ಗೆ ಮನೆಯವರೆಲ್ಲ ಪೂಜೆಗೆ ಕೂತಿದ್ದರು. ನಾನು ಬುಟ್ಟಿ ತುಂಬುತ್ತಿದ್ದೆ. ನನ್ನ ಮಗ, ಆಗಿನ್ನೂ ಮೊಲೆ ಕುಡಿಯುವವನು, ಬೆನ್ನಿಗೆ ಕಟ್ಟಿದ ಬಟ್ಟೆಯಲ್ಲಿ ನಿದ್ದೆ ಮಾಡುತ್ತಿದ್ದ. ಕೋಣೆಯ ಬಾಗಿಲು ತೆರೆಯಿತು. ಚಿಕ್ಕಮಲ್ಲಮ್ಮ ಗೋಡೆ ಹಿಡಿದುಕೊಂಡು ಬಂದಳು. ಕಂಕುಳಲ್ಲಿ ಕೂಸು.

“ಪುಟ್ಟಿ, ಇದ್ನ ತಕ್ಕೊ.”

ನಾನು ಹಿಂದಕ್ಕೆ ಸರಿದೆ. “ಅಯ್ಯಯ್ಯೋ, ನಾನ್ ಮುಟ್ಟನಾ ಅಮ್ಮೋರೆ? ಕೈಯೆಲ್ಲಾ ಸಗಣಿ.”

“ಕೈ ತೊಳ್ಕೊ.”

“ಕೈ ತೊಳ್ಕಂಡ್ರೆ ಜಾತಿ ಓಯ್ತದಾ? ಕೂಸು ಕೆಟ್ಟೋಯ್ತದೆ.”

“ಸಾಯೋದ್ಕಿಂತ ಕೆಡೋದು ವಾಸಿ ಕಣಮ್ಮಿ. ಆಗ್ಲೇ ಎರಡ ಮಣ್ಗಾಕಿವ್ನಿ. ನಿನ್ ಮಗ ಕುಡ್ದು ಮಿಕ್ಕಿದ್ನ ಕುಡ್ಸು. ನಿನ್ ಕಾಲಿಡ್ಕತೀನಿ.”

ಅವಳು ನಿಜವಾಗಿಯೂ ಬಗ್ಗಿದಳು. ದೊಡ್ಡಮನೆಯ ಸೊಸೆ ನನ್ನ ಸಗಣಿಗಾಲಿಗೆ ಬಗ್ಗಿದ್ದು ಕಂಡು ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಎಮ್ಮೆಗಳ ನೀರಿನ ಬಾನಿಯಲ್ಲಿ ಕೈ ತೊಳೆದು ಕೂಸನ್ನು ಎತ್ತಿಕೊಂಡೆ. ನಾನು ದಿನಾ ಹೊರುವ ಬುಟ್ಟಿ, ಖಾಲಿ ಇದ್ದಾಗಲೂ ಅದಕ್ಕಿಂತ ಭಾರ. ಬಾಯಿಗೆ ಮೊಲೆ ಇಟ್ಟೆ. ಏನು ಮಾಡಬೇಕೆಂದು ಅದಕ್ಕೆ ಮೊದಲು ತಿಳಿಯಲಿಲ್ಲ. ಆಮೇಲೆ ಹಿಡಿಯಿತು ನೋಡಿ, ಅಬ್ಬಬ್ಬಾ, ದೊಡ್ಡಮನೆಯ ಹಟವೆಲ್ಲ ಆ ಬಾಯಲ್ಲೇ ಇತ್ತು. ಚಿಕ್ಕಮಲ್ಲಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಸದ್ದು ಮಾಡುವ ಹಾಗಿರಲಿಲ್ಲ.

ಅವತ್ತಿನಿಂದ ದಿನಾ ಪೂಜೆಯ ಹೊತ್ತಿಗೆ ಇದೇ ನಮ್ಮ ಪೂಜೆ. ಸಂಜೆಯೂ ಒಂದು ಸಲ. ಬಲಗಡೆ ನನ್ನ ಮಗ, ಎಡಗಡೆ ಅವಳ ಮಗಳು. ಅವನು ಗಂಡು ಎಂದು ಬಲಗಡೆ ಹೆಚ್ಚು ಬರಲಿಲ್ಲ, ಅವಳು ಹೆಣ್ಣು ಎಂದು ಎಡಗಡೆ ಕಡಿಮೆ ಬರಲಿಲ್ಲ. ಎದೆಗೆ ಅಷ್ಟೊಂದು ಬುದ್ಧಿ ಇರುವುದಿಲ್ಲ.

ಕೂಸಿಗೆ ಕೆನ್ನೆ ಬಂತು. ತೊಡೆಯಲ್ಲಿ ಮಡಿಕೆ ಬಿತ್ತು. ಕರಿಬಸಮ್ಮ ಬಾಗಿಲಲ್ಲಿ ಇಣುಕಿ, “ಇದೇನವ್ವಾ, ಇದಿನ್ನೂ ಬದ್ಕೇ ಅದಲ್ಲ!” ಎಂದು ಗಲ್ಲಕ್ಕೆ ಕೈ ಇಟ್ಟುಕೊಂಡಳು. ಸೊಸೆ ಹಾಲು ಕದಿಯುತ್ತಿದ್ದಾಳೆ ಎಂದು ಗುಮಾನಿ ಬಂತು. ಹಾಲಿನ ಗಡಿಗೆಯ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಕಾವಲು ಕೂತಳು. ಗಡಿಗೆಯ ಹಾಲು ಗಡಿಗೆಯಲ್ಲೇ ಇತ್ತು. ಕೂಸು ಮಾತ್ರ ಉಬ್ಬುತ್ತಲೇ ಇತ್ತು. ಯಾರಾದರೂ ಮಾಟ ಮಾಡಿಸಿದ್ದಾರೆಯೇ ಎಂದು ಗುರುಮಲ್ಲಯ್ಯನವರನ್ನು ಕೇಳಿದಳಂತೆ. ಸಾಯಿಸುವ ಮಾಟ ಕೇಳಿದ್ದೇನೆ, ಬದುಕಿಸುವ ಮಾಟ ಕೇಳಿಲ್ಲ ಎಂದರಂತೆ ಅವರು.

ಕಡೆಗೆ ಒಂದು ದಿನ ಪೂಜೆ ಬೇಗ ಮುಗಿಯಿತು. ಕರಿಬಸಮ್ಮ ಕೊಟ್ಟಿಗೆಗೆ ಬಂದು ನೋಡಿಯೇಬಿಟ್ಟಳು.

“ಅಯ್ಯೋ ಶಿವನೇ! ಹೊಲತಿ ಮೊಲೆ! ನಮ್ಮನೆ ಕೂಸಿನ ಬಾಯ್ಗೆ!”

ನಮ್ಮನೆ ಕೂಸು! ಆ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಗಂಡಸರೆಲ್ಲ ಓಡಿ ಬಂದರು. ನೀಲಕಂಠಸ್ವಾಮಿ ಹೆಂಡತಿಯ ಕೂದಲು ಹಿಡಿದು ಎಳೆದ. ನನಗೆ ಬಾರುಕೋಲಿನಲ್ಲಿ ಬಾರಿಸಿದ. ಕೈಯಲ್ಲಿ ಹೊಡೆದರೆ ಮೈಲಿಗೆ, ಕೋಲಿನಲ್ಲಿ ಹೊಡೆದರೆ ಇಲ್ಲ. ಬೆನ್ನಿಗೆ ಕಟ್ಟಿದ್ದ ನನ್ನ ಮಗನಿಗೆ ಏಟು ಬೀಳದಿರಲೆಂದು ಎದೆ ಕೊಟ್ಟು ನಿಂತೆ. ಕೂಸು ಆಗಲೂ ಕುಡಿಯುತ್ತಲೇ ಇತ್ತು. ಕೋಲು ಅದಕ್ಕೂ ತಗಲಬಹುದು ಎಂದು ಹೆದರಿ ಕೆಳಗೆ ಹುಲ್ಲಿನ ಮೇಲೆ ಮಲಗಿಸಿದೆ. ಅದರ ಅಪ್ಪನಿಗೆ ಆ ಹೆದರಿಕೆ ಇರಲಿಲ್ಲ.

ಜಗುಲಿಯ ಮೇಲೆ ನ್ಯಾಯ ಕೂತಿತು. ನಾನು ಬೀದಿಯಲ್ಲಿ, ಬಿಸಿಲಲ್ಲಿ. ಗುರುಮಲ್ಲಯ್ಯನವರು ಗಂಟಲು ಸರಿಮಾಡಿಕೊಂಡರು. “ಲಿಂಗ ಕಟ್ಟಿದ್ರೆ ಏನಾದ್ರೂ ದಾರಿ ನೋಡ್ಬೋದಾಗಿತ್ತು. ಕಟ್ಟಿಲ್ವಲ್ಲ. ಕೆಟ್ಟ ಕೂಸು ಮನೇಲಿರಬಾರದು.”

ದೊಡ್ಡಮಲ್ಲಪ್ಪ ದುಃಖದ ಮುಖ ಮಾಡಲು ನೋಡಿದ. ಬರಲಿಲ್ಲ. ಪೀಡೆ ತೊಲಗಿತು, ಪಾಪವೂ ತಟ್ಟಲಿಲ್ಲ ಎಂಬ ನೆಮ್ಮದಿ ಮೀಸೆಯ ಕೆಳಗೆ ಕಾಣುತ್ತಿತ್ತು. “ಎತ್ತಾಕು” ಎಂದ.

ನೀಲಕಂಠಸ್ವಾಮಿ ಮೊರ ತಂದ. ಕಸ ತಳ್ಳುವ ಹಾಗೆ ಕೋಲಿನಿಂದ ಕೂಸನ್ನು ಮೊರಕ್ಕೆ ತಳ್ಳಿದ. ಹಿತ್ತಿಲಾಚೆ ಹೋಗಿ ತಿಪ್ಪೆಯ ಮೇಲೆ ಸುರಿದ. ಅಪ್ಪ ಮಗಳನ್ನು ಎತ್ತಿಕೊಂಡದ್ದು ಅದೊಂದೇ ಸಲ. ಒಳಗಿನಿಂದ ಚಿಕ್ಕಮಲ್ಲಮ್ಮನ ಕೂಗು ಕೇಳುತ್ತಿತ್ತು. ಬಾಗಿಲಿಗೆ ಅಗುಳಿ ಹಾಕಿದ್ದರು. ಆಮೇಲೆ ಎಲ್ಲರೂ ಸ್ನಾನಕ್ಕೆ ಹೋದರು.

ನಾನು ತಿಪ್ಪೆ ಹತ್ತಿ ಕೂಸನ್ನು ಎತ್ತಿಕೊಂಡು ಮನೆಗೆ ಬಂದೆ.

ಸಂಜೆ ಮಂಟೇಸ್ವಾಮಿ ಬಂದು ನೋಡಿದ. “ಇದೇನಮ್ಮಿ, ಇರೋದೊಂದ್ ಮಡ್ಕೆ ಗಂಜಿ. ಇನ್ನೊ‌ಂದ್ ಬಾಯಿ ತಂದೀದಿಯಲ್ಲ?”

“ಮೊಲೆ ನಂದು. ನಿಂಗೇನ್ ಕಷ್ಟ?”

ಅವನು ಪಕ್ಕದಲ್ಲಿ ಕೂತ. ನನ್ನ ತೋಳಿನ ಮೇಲಿನ ಬಾಸುಂಡೆ ನೋಡಿದ. ಎದ್ದು ಹೋಗಿ ತನ್ನ ಹಳೆಯ ಪಂಚೆಯನ್ನು ಹುಡುಕಿ ತಂದು, ಮಗನ ಜೋಳಿಗೆಯ ಪಕ್ಕದಲ್ಲಿ ಇನ್ನೊಂದು ಜೋಳಿಗೆ ಕಟ್ಟಿದ. “ನಮ್ಮಪ್ಪನ್ ಕಾಲ್ದಿಂದ ದುಡ್ದಿದ್ಕೆ ದೊಡ್ಡಮನೆಯೋರು ಇವತ್ತೊಂದ್ ಒಳ್ಳೆ ವಸ್ತ ಕೊಟ್ರು ಬುಡು” ಎಂದ.

ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಶಾಸ್ತ್ರಕ್ಕೆ ತಿಪ್ಪೆಯ ಮೇಲೆ ಹಾಕಿ ಎತ್ತಿಕೊಂಡು, ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುವುದು ನಮ್ಮ ಕಡೆಯ ವಾಡಿಕೆ. ತಿಪ್ಪೆಗೆ ಬಿದ್ದದ್ದನ್ನು ಯಮನೂ ಮುಟ್ಟುವುದಿಲ್ಲವಂತೆ. ನಮ್ಮವಳನ್ನು ಶಾಸ್ತ್ರಕ್ಕಲ್ಲ, ನಿಜವಾಗಿ ಹಾಕಿದ್ದರು. ಹೆಸರು ಹುಡುಕುವ ಕಷ್ಟವೇ ಇರಲಿಲ್ಲ. ತಿಪ್ಪಮ್ಮ ಎಂದೆವು.

ಕೊಟ್ಟಿಗೆಗೆ ಬರಬೇಡ ಎಂದು ನನಗೆ ಹೇಳಿ ಕಳಿಸಿದರು. ಬೇರೆ ಹೆಂಗಸನ್ನು ಕಳಿಸಿ ಎಂದು ಕೇರಿಗೆ ಹೇಳಿ ಕಳಿಸಿದರು. ಕೇರಿಯ ಹೆಂಗಸರು ನನ್ನ ಮನೆಯ ಮುಂದೆ ಸೇರಿದರು. ಒಬ್ಬ ಮುದುಕಿ ಎಲೆಯಡಿಕೆ ಉಗಿದು ಹೇಳಿದಳು. “ಕೂಸ್ನೇ ತಿಪ್ಪೆಗಾಕೋ ಮನೇಲಿ ತಿಪ್ಪೆ ಎತ್ತಕ್ಕೆ ನಾವ್ಯಾಕ್ರಮ್ಮಿ ಓಗ್ಬೇಕು? ನಾನೋಗಾಕಿಲ್ಲ. ಓಗೋಳು ನನ್ನ ದಾಟ್ಕಂಡ್ ಓಗ್ಲಿ.” ಯಾರೂ ದಾಟಲಿಲ್ಲ.

ಎಮ್ಮೆಗಳಿಗೆ ಕಟ್ಟಲೆ ಗೊತ್ತಿಲ್ಲ. ಅವು ಹಾಕುತ್ತಲೇ ಹೋದವು. ಕೊಟ್ಟಿಗೆ ತುಂಬಿತು. ನೊಣ ನಡುಮನೆಗೆ ಬಂತು, ಪೂಜೆಯ ತಟ್ಟೆಗೆ ಬಂತು. ಕೊನೆಗೆ ಮೀಸೆಯವರು ಜಗುಲಿಯಿಂದ ಇಳಿಯಬೇಕಾಯಿತು.

ಮುಂದಿನದ್ದನ್ನು ನಾನು ನೋಡಲಿಲ್ಲ. ಮಂಟೇಸ್ವಾಮಿ ನೋಡಿದ. ಅವನು ಇನ್ನೂ ಅಲ್ಲಿ ಎತ್ತು ಹೂಡುತ್ತಿದ್ದ. ಹೇಳುವಾಗ ನಕ್ಕು ನಕ್ಕು ಅವನಿಗೆ ಬಿಕ್ಕಳಿಕೆ ಬಂತು.

ಸಂತೆಮರಹಳ್ಳಿಯ ಶಾಂತಮಲ್ಲಪ್ಪ ಎಂಬವರು ವೃಷಭೇಂದ್ರಪ್ಪನಿಗೆ ಮಗಳನ್ನು ಕೊಡಲು ಮನೆ ನೋಡಲಿಕ್ಕೆ ಬಂದರು. ಮರುದಿನ ಬರುತ್ತೇವೆ ಎಂದಿದ್ದವರು ಹಿಂದಿನ ದಿನವೇ ಬಂದುಬಿಟ್ಟರು. ತಿಳಿದವರು ಹಾಗೇ ಬರುವುದು. ಗಾಡಿ ಇಳಿದಾಗ ಎದುರಿಗೆ ಸಿಕ್ಕಿದವನು ಮದುವೆ ಗಂಡೇ. ತಲೆಯ ಮೇಲೆ ಬುಟ್ಟಿ. ಸಗಣಿನೀರು ಹಣೆಯಿಂದ ಇಳಿದು ಮೀಸೆಯ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು.

“ಏನಪ್ಪಾ, ಯಜಮಾನ್ರು ಅವ್ರಾ?” ಎಂದು ಆಳನ್ನು ಕೇಳುವ ಹಾಗೆ ಶಾಂತಮಲ್ಲಪ್ಪ ಕೇಳಿದರು. ವೃಷಭೇಂದ್ರಪ್ಪ ಬುಟ್ಟಿಸಮೇತ ಹುಲ್ಲಿನ ಮೆದೆಯ ಹಿಂದಕ್ಕೆ ಓಡಿದ.

ಮನೆ ನೋಡಿದರು. ಕಣಜ ನೋಡಿದರು. ಕೊಟ್ಟಿಗೆಯ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ಎಮ್ಮೆ ನೋಡಿದರು. ಜಗುಲಿಗೆ ಬಂದು ಕೂತ ಮೇಲೆ ಶಾಂತಮಲ್ಲಪ್ಪ ಮಾತು ತೆಗೆದರು.

“ನೋಡಿ, ಕೊಟ್ಟು ತರೋದು ನಮ್ಮ ಪದ್ಧತಿ. ನಮ್ಮುಡ್ಗಿ ಇಲ್ಲಿಗ್ ಬಂದ್ರೆ ನಿಮ್ಮನೆ ಹೆಣ್ಣೊಂದು ನಮ್ಮನೆಗ್ ಬರ್ಬೇಕು. ಈಗ್ಲೇ ಅನ್ನಾಕಿಲ್ಲ. ತೊಟ್ಲಲ್ಲಿದ್ರೂ ಸರಿ, ಮಾತಾಗಿರ್ಲಿ. ನಮ್ಮ ಮೊಮ್ಮಗ ಇನ್ನೂ ಅಂಬೆಗಾಲಿಡ್ತಾವ್ನೆ.”

ದೊಡ್ಡಮಲ್ಲಪ್ಪನಿಗೆ ಬೇರೆ ಮಾತು ಅಭ್ಯಾಸವಿರಲಿಲ್ಲ. “ನಮ್ದು ಗಂಡು ಸಂತಾನದ ಮನೆ” ಎಂದ.

“ಹೆಣ್ಣು ಹುಟ್ಟೇ ಇಲ್ವಾ?”

“ಹುಟ್ಟಿದ್ವು. ಉಳೀನಿಲ್ಲ.”

ಶಾಂತಮಲ್ಲಪ್ಪ ಅವನ ಮುಖವನ್ನೇ ನೋಡಿದರು. “ಎಮ್ಮೆಗಳ್ದು ಹೆಣ್ಗರುಗಳು ಚೆನ್ನಾಗಿ ಉಳ್ದವೆ” ಎಂದು ಹೆಗಲಿಗೆ ವಸ್ತ್ರ ಹಾಕಿಕೊಂಡು ಎದ್ದರು.

ಆಗ ಒಳಬಾಗಿಲಿನಿಂದ ಕರಿಬಸಮ್ಮ ಕೂಗಿದಳು. “ಅವ್ಳೆ! ಒಬ್ಳವ್ಳೆ! ಮೊಮ್ಮಗ್ಳು! ಗುಂಡ್‌ಗುಂಡುಗವ್ಳೆ! ಅವ್ರಜ್ಜಿ ಮನೇಲವ್ಳೆ!” ಇಷ್ಟು ದಿನ ಆ ಕೂಸು ಯಾಕೆ ಉಬ್ಬಿತು ಎಂದು ಕೊರಗಿದವಳು ಇವಳೇ.

“ಹಂಗಾದ್ರೆ ಬರೋ ಸೋಮಾರ ಬತ್ತೀವಿ. ಕೂಸ್ನ ಕರ್ಸಿ. ನೋಡ್ಕಂಡು ತಾಂಬೂಲ ಬದ್ಲಾಯಿಸನ” ಎಂದು ಗಾಡಿ ಹತ್ತಿದರು.

ಮರುದಿನ ನಮ್ಮ ಕೇರಿ ಕಾಣದ್ದನ್ನು ಕಂಡಿತು. ದೊಡ್ಡಮಲ್ಲಪ್ಪ, ಅವನ ನಾಲ್ಕು ಗಂಡುಮಕ್ಕಳು, ಬಟ್ಟಲಲ್ಲಿ ತೀರ್ಥ ಹಿಡಿದ ಗುರುಮಲ್ಲಯ್ಯನವರು, ಎಲ್ಲರ ಹಿಂದೆ ತಲೆ ತಗ್ಗಿಸಿದ ಚಿಕ್ಕಮಲ್ಲಮ್ಮ. ಹುಣಸೆಮರದವರೆಗೆ ಬಂದು ನಿಂತರು. ಮರದಿಂದ ಈಚೆಗೆ ಅವರ ಕಾಲು ಬರುವುದಿಲ್ಲ.

“ಪುಟ್ಟಿ, ನಮ್ಮ ಕೂಸ್ನ ತತ್ತಾ” ಎಂದ ದೊಡ್ಡಮಲ್ಲಪ್ಪ.

ನಾನು ತಿಪ್ಪಮ್ಮನನ್ನು ಎತ್ತಿಕೊಂಡು ಅಂಗಳಕ್ಕೆ ಬಂದೆ. “ಕೆಟ್ಟ ಕೂಸು ಅಂದ್ರಲ್ಲ ಬುದ್ಧಿ?”

ಗುರುಮಲ್ಲಯ್ಯನವರು ಬಟ್ಟಲು ತೋರಿಸಿದರು. “ಶುದ್ಧಿ ಮಾಡಿದ್ರಾಯ್ತು. ಶಾಸ್ತ್ರದಲ್ಲಿ ಎಲ್ಲಕ್ಕೂ ದಾರಿ ಇದೆ.”

ಅಂದರೆ ತಿಂಗಳುಗಟ್ಟಲೆ ಕುಡಿದ ಹಾಲು ಒಂದು ಬಟ್ಟಲು ನೀರಿನಲ್ಲಿ ತೊಳೆದು ಹೋಗುತ್ತದೆ. ನನಗೆ ರೇಗಿ ಹೋಯಿತು. ಈ ನೀರು ಅವತ್ತು ಎಲ್ಲಿತ್ತು? ಮೊರ ತರುವ ಬದಲು ಬಟ್ಟಲು ತರಲು ಇವರ ಕೈಗೆ ಏನಾಗಿತ್ತು?

“ಕೊಡಾಕಿಲ್ಲ ಬುದ್ಧಿ.”

“ಏನಂದೆ?”

“ಕೊಡಾಕಿಲ್ಲ ಅಂದೆ. ನಿಮ್ಮನೇಲಿ ಸತ್ತಿದ್ದು ನಮ್ ಪಾಲು. ಹಳ್ಸಿದ್ದು ನಮ್ ಪಾಲು. ತಿಪ್ಪೆಗ್ ಬಿದ್ದಿದ್ದು ನಮ್ ಪಾಲು. ನಾನ್ ಮಾಡಿದ್ ಕಟ್ಲೆಯಲ್ಲ, ನೀವೇ ಮಾಡಿದ್ದು. ಬ್ಯಾಡ ಅಂದಿದ್ಕೆ ನಮ್ಮಾವನ್ನ ಕಂಬಕ್ಕೆ ಕಟ್ಟಿದ್ರಿ. ಹುಳ ಬಿದ್ದಿದ್ದೆಲ್ಲ ಹೊತ್ಕಂಡ್ ಬಂದಿವಿ, ಒಂದ್ ದಿನ ವಾಪಸ್ ಕೇಳಿದ್ರಾ? ಇವತ್ತು ಉಸ್ರಾಡ್ತಾ ಅದೆ ಅಂತ ಕೇಳಾಕ್ ಬಂದೀರಾ? ತಿಪ್ಪೆಗಾಕಿದ್ದು ತಿಪ್ಪೆ ಎತ್ತೋಳ್ದು.”

ದೊಡ್ಡಮಲ್ಲಪ್ಪ ಮಕ್ಕಳ ಕಡೆ ತಿರುಗಿದ. ನಾಲ್ಕು ಗಂಡುಮಕ್ಕಳಲ್ಲಿ ಒಬ್ಬನಾದರೂ ಬಂದು ಕಿತ್ತುಕೊಳ್ಳಬಹುದಿತ್ತು. ಆದರೆ ಮರ ದಾಟಬೇಕು, ನನ್ನನ್ನು ಮುಟ್ಟಬೇಕು. ವೃಷಭೇಂದ್ರಪ್ಪ ಒಂದು ಹೆಜ್ಜೆ ಎತ್ತಿದ. “ಲೇ ಲೇ, ಮಡಿಯಲ್ಲಿದ್ದೀಯ ಕಣೋ!” ಎಂದು ಗುರುಮಲ್ಲಯ್ಯನವರು ತಡೆದರು. ಎತ್ತಿದ ಕಾಲನ್ನು ಎಲ್ಲಿಡುವುದು ಎಂದು ತಿಳಿಯದೆ ಅವನು ಅಲ್ಲೇ ಕುಂಟಿದ. ನಮ್ಮ ಕೇರಿಯ ಮಕ್ಕಳು ಕಿಸಕ್ಕನೆ ನಕ್ಕವು.

“ನೀನೋಗಿ ತತ್ತಾ” ಎಂದು ನೀಲಕಂಠಸ್ವಾಮಿ ಹೆಂಡತಿಯನ್ನು ಮುಂದಕ್ಕೆ ತಳ್ಳಿದ. “ಕೂಸ್ನ ಎತ್ಕಂಡ್ ಮ್ಯಾಲೆ ನೀನ್ ಎಂಗಿದ್ರೂ ಸ್ನಾನ ಮಾಡ್ಬೇಕು.”

ಚಿಕ್ಕಮಲ್ಲಮ್ಮ ಹುಣಸೆಮರ ದಾಟಿದಳು. ನನ್ನ ಅಂಗಳಕ್ಕೆ ಬಂದು ನನ್ನೆದುರು ನಿಂತಳು. ದೊಡ್ಡಮಲ್ಲಪ್ಪನಿಗೆ ಇಲ್ಲ ಎಂದೆ. ಹೆತ್ತವಳು ಕೈ ಚಾಚಿದರೆ ಇಲ್ಲ ಎನ್ನಲು ನನ್ನಲ್ಲಿ ಯಾವ ಕಟ್ಟಲೆ ಇತ್ತು? ಅವಳು ಕೈ ಚಾಚಿದಳು. ಕೊಟ್ಟೆ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

ಅವಳು ಕೂಸಿನ ತಲೆಯನ್ನು ಮೂಸಿದಳು. ಕೆನ್ನೆ ಮುಟ್ಟಿದಳು, ತೊಡೆ ಮುಟ್ಟಿದಳು. “ಏನಂತ ಕರೀತೀರಿ?” ಎಂದಳು.

“ತಿಪ್ಪಮ್ಮ.”

“ಮೊದ್ಲಿನೆರಡಕ್ಕೆ ಹೆಸ್ರೇ ಇಡ್ನಿಲ್ಲ ಕಣಮ್ಮಿ.”

ಅಷ್ಟು ಹೇಳಿ ತಿರುಗಿ ನಡೆಯಲಿಲ್ಲ. ನನ್ನ ಜಗುಲಿಯ ಮೇಲೆ ಕೂತಳು. ಪಕ್ಕದಲ್ಲಿ ನಮ್ಮ ನೀರಿನ ಮಡಕೆ ಇತ್ತು. ಅದರೊಳಗೆ ಚಿಪ್ಪು ಅದ್ದಿ, ನೀರು ಮೊಗೆದು, ಹುಣಸೆಮರದ ಕಡೆಗೇ ಮುಖ ಮಾಡಿಕೊಂಡು ಗಟಗಟ ಕುಡಿದಳು. ನೀರು ಗಲ್ಲದಿಂದ ಇಳಿದು ಸೆರಗು ನೆನೆಯಿತು. ಇನ್ನೊಂದು ಚಿಪ್ಪು ಮೊಗೆದು ಅದನ್ನೂ ಕುಡಿದಳು.

“ಏಯ್! ಏಯ್! ಕುಡೀಬ್ಯಾಡ! ಕುಡ್ದೇಬುಟ್ಳಲ್ಲೋ!” ದೊಡ್ಡಮಲ್ಲಪ್ಪ ಕುಣಿದಾಡಿದ.

“ನಾನೂ ಕೆಟ್ಟೆ ಮಾವ” ಎಂದಳು ಚಿಕ್ಕಮಲ್ಲಮ್ಮ. ಅವಳು ಮಾವನಿಗೆ ಎದುರು ನಿಂತು ಮಾತಾಡಿದ್ದನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. “ನೀವ್ ಓಗಿ. ನಂಗೆ ಹೆರಕ್ಕೆ ಹೇಳಿ, ಹೆತ್ತಿದ್ನ ಮಣ್ ಮಾಡಕ್ಕೆ ಹೇಳಿ, ಈಗ ಮೈದ್ನಂಗೆ ಹೆಂಡ್ತಿ ತರಕ್ಕೆ ಇದ್ನ ಸಾಟಿ ಕೊಡು ಅಂತೀರ. ಎಮ್ಮೆ ಯಾಪಾರ್ದಲ್ಲೂ ಇಷ್ಟು ಮೋಸ ಇಲ್ಲ.”

ಗುರುಮಲ್ಲಯ್ಯನವರು ತಮ್ಮ ಬಟ್ಟಲನ್ನು ನೋಡಿಕೊಂಡರು. ಅದರಲ್ಲಿ ಒಂದು ಕೂಸಿಗಾಗುವಷ್ಟೇ ನೀರಿತ್ತು.

ಸಿಟ್ಟು ತೀರಿಸಿಕೊಳ್ಳಲು ದೊಡ್ಡಮಲ್ಲಪ್ಪನಿಗೆ ಸಿಕ್ಕವನು ಅಂಗಳದ ಮೂಲೆಯಲ್ಲಿ ನಿಂತಿದ್ದ ನನ್ನ ಗಂಡ. “ಲೋ ಮಂಟೇಸಾಮಿ! ನಾಳೆಯಿಂದ ನಮ್ಮನೆ ಜೀತಕ್ಕೆ ಕಾಲಿಟ್ಟೆ ಅಂದ್ರೆ ಕಾಲ್ ಮುರೀತೀನಿ!”

ಮಂಟೇಸ್ವಾಮಿ ತಲೆಯ ವಲ್ಲಿ ತೆಗೆದು ಕೈಮುಗಿದ. “ಮಾದಪ್ಪನಾಣೆ ಬುದ್ಧಿ, ನಮ್ಮಪ್ಪ ಈ ಮಾತ್ನ ಕೇಳ್ಬೇಕು ಅಂತ್ಲೇ ಕಾದು ಕಾದು ಸತ್ತೋದ.”

ಅವರು ಹೋದರು. ಮಂಟೇಸ್ವಾಮಿ ಬಂಡೀಪುರದ ಕಡೆ ಅರಣ್ಯ ಇಲಾಖೆಯವರು ಕಾಡ್ಗಿಚ್ಚು ಹಬ್ಬದಿರಲೆಂದು ಮಾಡಿಸುವ ಬೆಂಕಿದಾರಿ ಸವರುವ ಕೂಲಿ ಕೇಳಲು ಹೊರಟ. ನಮ್ಮ ಕೇರಿಯವರು ಹೊಲಕ್ಕೆ ಹೋಗುವ ದಾರಿಗೆ ದೊಡ್ಡಮನೆಯವರು ಮುಳ್ಳು ಹಾಕಿದರು. ಸುತ್ತು ಬಳಸಿ ಹೋಗುತ್ತಿದ್ದೆವು. ಹೊಟ್ಟೆ ತುಂಬುತ್ತಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಚಿಕ್ಕಮಲ್ಲಮ್ಮ ಮೊದಲ ದಿನ ನಮ್ಮ ಮುದ್ದೆಯನ್ನು ನೋಡುತ್ತಾ ಕೂತಿದ್ದಳು. ಎರಡನೆಯ ದಿನ ಅತ್ತುಕೊಂಡು ಉಂಡಳು. ಮೂರನೆಯ ದಿನ ಉಪ್ಪು ಸಾಲದು ಎಂದಳು. ಇವಳು ಉಳಿಯುತ್ತಾಳೆ ಎಂದು ನನಗೆ ಆಗ ನಂಬಿಕೆ ಬಂತು.

ಸೋಮವಾರ ಶಾಂತಮಲ್ಲಪ್ಪನ ಗಾಡಿ ಬಂತು. ಊರಿಗೆ ಹೋಗುವ ದಾರಿ ನಮ್ಮ ಹುಣಸೆಮರದ ಪಕ್ಕದಲ್ಲೇ. ದೂರದಲ್ಲಿ ದೊಡ್ಡಮನೆಯ ಗಂಡಸರು ಒಗೆದ ಪಂಚೆ ಉಟ್ಟು ಸಾಲಾಗಿ ನಿಂತಿದ್ದರು. ಕರಿಬಸಮ್ಮ ಇರಲಿಲ್ಲ. ಅವಳು ಹಿತ್ತಿಲಲ್ಲಿ ಬುಟ್ಟಿ ಹೊರುತ್ತಿದ್ದಳು. ಇನ್ನಾರು ಹೊರಬೇಕು? ಆ ಮನೆಯಲ್ಲಿ ಎಮ್ಮೆಗಳನ್ನು ಬಿಟ್ಟರೆ ಹೆಣ್ಣೆಂದು ಉಳಿದಿದ್ದವಳು ಅವಳೊಬ್ಬಳೇ.

ಗಾಡಿ ಮರದ ಕೆಳಗೆ ನಿಂತಿತು. ಶಾಂತಮಲ್ಲಪ್ಪ ಕೂತಲ್ಲಿಂದಲೇ ಕೇಳಿದರು. “ಏನಮ್ಮಾ, ದೊಡ್ಡಮನೆ ಮೊಮ್ಮಗ್ಳು ಬಂದವ್ಳಾ, ಗೊತ್ತಾ?”

ನಾನು ಜಗುಲಿಯ ಮೇಲೆ ಕೂತಿದ್ದೆ. ಬಲಗಡೆ ನನ್ನ ಮಗ, ಎಡಗಡೆ ತಿಪ್ಪಮ್ಮ. ಪಕ್ಕದಲ್ಲಿ ಚಿಕ್ಕಮಲ್ಲಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಿ ಹೇಳಿದವಳು ಅವಳೇ.

“ನಾನು ಆ ಮನೆ ಸೊಸೆ. ನಂಗೆ ಮೂರು ಹೆಣ್ಣುಟ್ಟಿದ್ವು. ಇಗೋ, ಇಲ್ಲಿಗ್ ಬಂದಿದ್ದೊಂದು ಉಳ್ಕಂಡದೆ. ನಿಮ್ಮ ಹುಡ್ಗೀನ ಎಲ್ಲಿಗ್ ಕೊಡ್ತೀರ, ನೋಡ್ಕಳಿ.”

ಶಾಂತಮಲ್ಲಪ್ಪ ಕೂಸನ್ನು ನೋಡಿದರು. ಅವಳ ಮುಖ ನೋಡಿದರು. ದೂರದಲ್ಲಿ ನಿಂತ ಪಂಚೆಗಳ ಸಾಲನ್ನು ನೋಡಿದರು. ಅವರೇನೂ ದೊಡ್ಡ ಧರ್ಮಾತ್ಮರಲ್ಲ. ನಮ್ಮ ಮಡಕೆಯ ನೀರು ಕೊಟ್ಟಿದ್ದರೆ ಅವರೂ ಮುಟ್ಟುತ್ತಿರಲಿಲ್ಲ. ಆದರೆ ಮಗಳ ತಂದೆ. “ತಿರುಗ್ಸ್ಲಾ ಗಾಡೀನ” ಎಂದು ಗಾಡಿಯವನಿಗೆ ಹೇಳಿದರು.

ವೃಷಭೇಂದ್ರಪ್ಪ “ಮಾವ! ಮಾವ!” ಎಂದು ಕೂಗುತ್ತಾ ಪಂಚೆ ಎತ್ತಿಕೊಂಡು ಮರದವರೆಗೂ ಓಡಿ ಬಂದ. ಗಾಡಿ ಆಗಲೇ ಸಂತೆಮರಹಳ್ಳಿಯ ದಾರಿ ಹಿಡಿದಿತ್ತು. ತಿರುಗುವಾಗ ಎತ್ತುಗಳು ದಾರಿಯ ನಡುವೆ ಸಗಣಿ ಹಾಕಿ ಹೋಗಿದ್ದವು. ಅವನು ಅದರ ಮುಂದೆ ನಿಂತು ಅಭ್ಯಾಸದಂತೆ ನಮ್ಮ ಕೇರಿಯ ಕಡೆ ನೋಡಿದ. ಯಾರೂ ಏಳಲಿಲ್ಲ.